ಅಯೋವಾದ ಹೈಸ್ಕೂಲ್ ಕುಸ್ತಿ ಸ್ಟೇಟ್ ಚಾಂಪಿಯನ್‌ಶಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ಅಮೆರಿಕದ ಅಯೋವಾ ರಾಜ್ಯಕ್ಕೆ ಹೊಸದಾಗಿ ಬಂದ ಕನ್ನಡದವರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಆಫೀಸಿನಲ್ಲಿ ಅರ್ಧ ಜನ ಯಾಕೆ ರಜೆ ಹಾಕಿದ್ದಾರೆ? ಪಕ್ಕದ ಮನೆಯ ತಾತ 50 ವರ್ಷದ ಹಿಂದಿನ ಕುಸ್ತಿಯ ಸ್ಕೋರ್ ಯಾಕೆ ಬಾಯಿಪಾಠ ಹೇಳುತ್ತಾರೆ? ಮಗ ಕುಸ್ತಿಗೆ ಸೇರುತ್ತೀನಿ ಅಂತಾನೆ, ಏನು ಮಾಡೋದು? ಅಂಥ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಕೋಚ್ ಅಲ್ಲ, ಅಂಗಳಕ್ಕಿಳಿದವನೂ ಅಲ್ಲ. ಗ್ಯಾಲರಿಯಲ್ಲಿ ಕೂತು ನೋಡುವವನು.

“ಸ್ಟೇಟ್” ಅಂತ ಎಲ್ಲರೂ ಹೇಳುತ್ತಾರಲ್ಲ, ಏನದು?

ಅಯೋವಾದ ಹೈಸ್ಕೂಲ್ ಹುಡುಗರ ರಾಜ್ಯ ಮಟ್ಟದ ಕುಸ್ತಿ ಪಂದ್ಯಾವಳಿ. ಫೆಬ್ರವರಿಯ ಮಧ್ಯದ ನಂತರ ರಾಜಧಾನಿ ಡಿಮಾಯ್ನ್‌ನಲ್ಲಿ ನಡೆಯುತ್ತದೆ. ಮೊದಲ ಪಂದ್ಯಾವಳಿ 1921ರಲ್ಲಿ ಏಮ್ಸ್‌ನಲ್ಲಿ ನಡೆದದ್ದು. ಅಂದರೆ ಇದಕ್ಕೆ ನೂರು ವರ್ಷ ದಾಟಿದೆ.

ಈಗ ನಡೆಯುವುದು ಕೇಸೀಸ್ ಸೆಂಟರ್‌ನಲ್ಲಿ. 2005ರಲ್ಲಿ ತೆರೆದಾಗಿನಿಂದ 2025ರವರೆಗೆ ಅದರ ಹೆಸರು ವೆಲ್ಸ್ ಫಾರ್ಗೋ ಅರೀನಾ. ಊರಿನವರು ಇನ್ನೂ “ದ ವೆಲ್” ಅಂತಲೇ ಕರೆಯುತ್ತಾರೆ, ಗಲಿಬಿಲಿ ಆಗಬೇಡಿ. ಅದಕ್ಕೂ ಹಿಂದೆ ಪಕ್ಕದಲ್ಲೇ ಇರುವ ವೆಟರನ್ಸ್ ಮೆಮೋರಿಯಲ್ ಆಡಿಟೋರಿಯಂನಲ್ಲಿ ನಡೆಯುತ್ತಿತ್ತು. ಅದಕ್ಕೆ ಜನ ಇಟ್ಟ ಅಡ್ಡಹೆಸರು “ಬಾರ್ನ್”. ವಯಸ್ಸಾದವರ ಜೊತೆ ಮಾತಿಗೆ ಕೂತರೆ “ಬಾರ್ನ್‌ನಲ್ಲಿ ಇದ್ದ ಗದ್ದಲ ಇಲ್ಲಿ ಎಲ್ಲಿ?” ಅನ್ನುವ ಮಾತು ಬಂದೇ ಬರುತ್ತದೆ.

ಒಂದೇ ರಾಜ್ಯಕ್ಕೆ ಎಷ್ಟು ಜನ ಚಾಂಪಿಯನ್ನರು?

ಹುಡುಗರಲ್ಲಿ 42. ಶಾಲೆಗಳನ್ನು ಮಕ್ಕಳ ಸಂಖ್ಯೆ ನೋಡಿ 1ಎ, 2ಎ, 3ಎ ಅಂತ ಮೂರು ವರ್ಗ ಮಾಡಿದ್ದಾರೆ. ದೊಡ್ಡ ಶಾಲೆಗಳು 3ಎಯಲ್ಲಿ, ಸಣ್ಣ ಊರಿನವು 1ಎಯಲ್ಲಿ. ಪ್ರತಿ ವರ್ಗದಲ್ಲಿ 14 ತೂಕಗಳು. ಅತಿ ಕಡಿಮೆ 106 ಪೌಂಡ್, ಅಂದರೆ ಸುಮಾರು 48 ಕೆಜಿ. ಅತಿ ಹೆಚ್ಚು 285 ಪೌಂಡ್, ಸುಮಾರು 129 ಕೆಜಿ. ಪ್ರತಿ ತೂಕದಲ್ಲಿ ಮೊದಲ ಎಂಟು ಜನಕ್ಕೆ ಮೆಡಲ್.

1ಎ ಅಂದರೆ ಸಣ್ಣವರ ಆಟ ಅಂದುಕೊಳ್ಳಬೇಡಿ. ಗಿಲ್ಬರ್ಟ್‌ವಿಲ್‌ನ ಡಾನ್ ಬಾಸ್ಕೋ ಶಾಲೆ, ಸೀಡರ್ ರಾಪಿಡ್ಸ್ ಹತ್ತಿರದ ಲಿಸ್ಬನ್ ಶಾಲೆ, ಎರಡೂ ಪುಟ್ಟ ಊರಿನವು. ಆದರೆ ಕುಸ್ತಿಯಲ್ಲಿ ಇವರ ಹೆಸರು ಹೇಳಿದರೆ ದೊಡ್ಡ ಶಾಲೆಯವರೂ ಹುಷಾರಾಗುತ್ತಾರೆ. ಇಂಥ ಊರಿನವರು ಸ್ಟೇಟ್ ದಿನ ಮನೆಗೆ ಬೀಗ ಹಾಕಿಕೊಂಡು ಬಂದುಬಿಡುತ್ತಾರೆ. ಗ್ಯಾಲರಿಯಲ್ಲಿ ಒಂದು ಬ್ಲಾಕ್ ಪೂರ್ತಿ ಒಂದೇ ಬಣ್ಣದ ಟೀ ಶರ್ಟ್ ಕಂಡರೆ ಅದು ಅಂಥದ್ದೇ ಒಂದು ಊರು.

ನಮ್ಮ ಗರಡಿ ಮನೆ ಕುಸ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಮೈಸೂರು ದಸರಾ ಕುಸ್ತಿ ನೋಡಿದವರಿಗೆ ಮೊದಲ ಹತ್ತು ನಿಮಿಷ ಇದು ಸಪ್ಪೆ ಅನ್ನಿಸಬಹುದು. ಮಣ್ಣಿಲ್ಲ, ತೊಡೆ ತಟ್ಟೋದಿಲ್ಲ, ಹಲಗೆ ಸದ್ದಿಲ್ಲ. ರಬ್ಬರ್ ಮ್ಯಾಟ್ ಮೇಲೆ ಮೈಗೆ ಅಂಟಿದ ಸಿಂಗ್ಲೆಟ್ ಹಾಕಿಕೊಂಡು, ಕಿವಿಗೆ ಹೆಡ್‌ಗೇರ್ ಕಟ್ಟಿಕೊಂಡು ಆಡುತ್ತಾರೆ. ಒಬ್ಬನ ಕಾಲಿಗೆ ಕೆಂಪು ಪಟ್ಟಿ, ಇನ್ನೊಬ್ಬನಿಗೆ ಹಸಿರು. ರೆಫರಿಯ ಎರಡು ಮಣಿಕಟ್ಟಿನಲ್ಲೂ ಅದೇ ಎರಡು ಬಣ್ಣ. ಯಾವ ಬಣ್ಣದ ಕೈ ಎತ್ತಿ ಎಷ್ಟು ಬೆರಳು ತೋರಿಸುತ್ತಾನೋ ಆ ಹುಡುಗನಿಗೆ ಅಷ್ಟು ಪಾಯಿಂಟ್. ಇದೊಂದು ಗೊತ್ತಿದ್ದರೆ ಸ್ಕೋರ್ ಬೋರ್ಡ್ ನೋಡದೆಯೇ ಪಂದ್ಯ ಅರ್ಥವಾಗುತ್ತದೆ.

ನಿಜವಾದ ವ್ಯತ್ಯಾಸ ನೆಲದ ಮೇಲಿನ ಆಟದಲ್ಲಿದೆ. ಒಲಿಂಪಿಕ್‌ನಲ್ಲಿ ನೋಡುವ ಫ್ರೀಸ್ಟೈಲ್‌ನಲ್ಲಿ ಕೆಳಗೆ ಬಿದ್ದವನನ್ನು ತಿರುಗಿಸಲು ಆಗದಿದ್ದರೆ ರೆಫರಿ ಬೇಗನೆ ಎಬ್ಬಿಸಿ ನಿಲ್ಲಿಸುತ್ತಾನೆ. ಇಲ್ಲಿ ಹಾಗಲ್ಲ. ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ಆಡುವುದು ಫೋಕ್‌ಸ್ಟೈಲ್. ಮೇಲಿರುವವನು ಹಿಡಿದಿಟ್ಟುಕೊಳ್ಳಬೇಕು, ಕೆಳಗಿರುವವನು ಬಿಡಿಸಿಕೊಂಡು ಏಳಬೇಕು. ಬಿಡಿಸಿಕೊಂಡು ಎದ್ದದ್ದಕ್ಕೇ ಪಾಯಿಂಟ್ ಉಂಟು. ಆದರೆ ಎದುರಾಳಿಯನ್ನು ಎತ್ತಿ ರಪ್ಪನೆ ಕುಕ್ಕಿದರೆ ಫೌಲ್. ಎತ್ತಿದವನೇ ಅವನನ್ನು ಸುರಕ್ಷಿತವಾಗಿ ಇಳಿಸಬೇಕು.

ಚಿತ್ ಮಾಡಿದರೆ ಪಂದ್ಯ ಮುಗಿಯಿತು. ಇದು ಎರಡೂ ಕಡೆ ಒಂದೇ. ಇಲ್ಲಿ ಎರಡು ಭುಜವೂ ಎರಡು ಸೆಕೆಂಡ್ ಮ್ಯಾಟ್‌ಗೆ ತಾಗಿರಬೇಕು. ಕಾಲೇಜಿನಲ್ಲಾದರೆ ಒಂದೇ ಸೆಕೆಂಡ್ ಸಾಕು.

ಪಾಯಿಂಟ್ ಲೆಕ್ಕ ಹೇಗೆ?

ಎರಡೆರಡು ನಿಮಿಷದ ಮೂರು ಸುತ್ತು. ನಿಂತವನನ್ನು ಕೆಡವಿ ಹಿಡಿತಕ್ಕೆ ತಂದರೆ ಟೇಕ್‌ಡೌನ್, 3 ಪಾಯಿಂಟ್. 2024-25ರ ಸೀಸನ್ನಿಗೆ ಮುಂಚೆ ಇದಕ್ಕೆ 2 ಇತ್ತು. ಹಳೆಯ ಪಂದ್ಯದ ಸ್ಕೋರ್ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಕೆಳಗಿನಿಂದ ಬಿಡಿಸಿಕೊಂಡರೆ 1. ಕೆಳಗಿದ್ದವನೇ ತಿರುಗಿ ಮೇಲೆ ಬಂದರೆ 2. ಬೆನ್ನು ಮ್ಯಾಟ್‌ನ ಹತ್ತಿರ ತಂದು ಹಿಡಿದರೆ, ಎಷ್ಟು ಹೊತ್ತು ಹಿಡಿದ ಅನ್ನುವುದರ ಮೇಲೆ 2, 3 ಅಥವಾ 4. ಒಬ್ಬ 15 ಪಾಯಿಂಟ್ ಮುಂದೆ ಹೋದರೆ ಅಲ್ಲಿಗೆ ಆಟ ನಿಲ್ಲುತ್ತದೆ, ಅದು ಟೆಕ್ ಫಾಲ್. ಸಮವಾದರೆ ಒಂದು ನಿಮಿಷದ ಓವರ್‌ಟೈಮ್, ಮೊದಲು ಪಾಯಿಂಟ್ ಗಳಿಸಿದವನದೇ ಗೆಲುವು.

ಫೈನಲ್ ಒಂದನ್ನೇ ನೋಡಿದರೆ ಸಾಕಲ್ವಾ?

ಶನಿವಾರ ಸಂಜೆಯ ಫೈನಲ್ ಚೆನ್ನಾಗಿರುತ್ತದೆ. ಶುರುವಾಗುವ ಮುಂಚೆ ಗ್ರ್ಯಾಂಡ್ ಮಾರ್ಚ್ ಇರುತ್ತದೆ. ಮೆಡಲ್ ಗೆದ್ದ ಹುಡುಗರೆಲ್ಲ ಸಾಲಾಗಿ ಒಳಗೆ ಬರುತ್ತಾರೆ. ಅದನ್ನು ಒಮ್ಮೆಯಾದರೂ ನೋಡಲೇಬೇಕು.

ಆದರೆ ನನ್ನನ್ನು ಕೇಳಿದರೆ, ಒಂದೇ ದಿನ ಬಿಡುವಿದೆ ಅಂದರೆ, ನಾನು ಬ್ಲಡ್ ರೌಂಡ್ ಆರಿಸಿಕೊಳ್ಳುತ್ತೇನೆ. ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರೇ ಹಾಗೆ. ಒಮ್ಮೆ ಸೋತವರಿಗೂ ಇಲ್ಲಿ ಇನ್ನೊಂದು ದಾರಿ ಇದೆ. ಸೋತವರ ಸಾಲಿನಲ್ಲಿ ಗೆಲ್ಲುತ್ತಾ ಬಂದು ಮೂರನೇ ಸ್ಥಾನದವರೆಗೂ ಏರಬಹುದು. ಆ ಸಾಲಿನಲ್ಲಿ ಒಂದು ಸುತ್ತು ಬರುತ್ತದೆ. ಗೆದ್ದವನು ಮೊದಲ ಎಂಟರೊಳಗೆ ಬರುತ್ತಾನೆ, ಮೆಡಲ್ ಖಾತ್ರಿ. ಸೋತವನಿಗೆ ಏನೂ ಇಲ್ಲ, ಬ್ಯಾಗ್ ಎತ್ತಿಕೊಂಡು ಮನೆಗೆ. ಕೊನೆಯ ವರ್ಷದ ಹುಡುಗನಾದರೆ ಜೀವನದ ಕೊನೆಯ ಕುಸ್ತಿಯೂ ಅದೇ ಆಗಬಹುದು.

ಅಂಥ ಒಂದು ಪಂದ್ಯ ಹೇಳುತ್ತೇನೆ. ಇಬ್ಬರೂ ಸಣ್ಣ ಊರಿನವರು. ಒಬ್ಬನ ಮೂಗಿನಿಂದ ರಕ್ತ ಬಂದು ಆಟ ನಿಂತಿತ್ತು. ಟ್ರೇನರ್ ಹತ್ತಿ ತುರುಕಿ, ತಲೆ ಸುತ್ತ ಟೇಪ್ ಸುತ್ತಿದರು. ಒಬ್ಬ ಚಿಕ್ಕ ಹುಡುಗ ಸ್ಪ್ರೇ ಬಾಟಲಿ ತಂದು ಮ್ಯಾಟ್ ಒರೆಸಿ ಹೋದ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಕೋಚ್ ಟವೆಲ್ಲನ್ನು ಹಿಂಡುತ್ತಾ ಇದ್ದರು, ಒದ್ದೆಯೇ ಇರಲಿಲ್ಲ ಅದು. ಮತ್ತೆ ಶುರುವಾದಾಗ 20 ಸೆಕೆಂಡ್ ಉಳಿದಿತ್ತು, ಮೂಗಿಗೆ ಹತ್ತಿ ಹಾಕಿಸಿಕೊಂಡ ಹುಡುಗ ಒಂದು ಪಾಯಿಂಟ್ ಹಿಂದೆ, ಕೆಳಗೆ ಮಂಡಿಯೂರಿ ಕೂತಿದ್ದ. ಎದ್ದ, ಬಿಡಿಸಿಕೊಂಡ, ಸಮವಾಯಿತು. ಓವರ್‌ಟೈಮ್‌ನಲ್ಲಿ ಅವನೇ ಕಾಲಿಗೆ ನುಗ್ಗಿದ, ಆ ಕಡೆಯವನು ಅವನ ಬೆನ್ನ ಮೇಲೆ ಬಂದುಬಿಟ್ಟ. ಮುಗಿಯಿತು. ಗೆದ್ದವನು ಹಾರಾಡಲಿಲ್ಲ. ಸೋತವನನ್ನು ಕೈ ಹಿಡಿದು ಎಬ್ಬಿಸಿ, ಅವನ ಕೋಚ್ ಕೈ ಕುಲುಕಿ ಹೋದ. ಅದೇ ವರ್ಷದ ಫೈನಲ್‌ಗಳಲ್ಲಿ ಗೆದ್ದವರ ಹೆಸರು ಕೇಳಿದರೆ ನನಗೆ ಈಗ ಒಂದೂ ಹೇಳಲು ಬರುವುದಿಲ್ಲ.

ಮೂರನೇ ಸ್ಥಾನ ಎರಡನೆಯದಕ್ಕಿಂತ ಕಷ್ಟ ಅಂತಾರೆ, ನಿಜವಾ?

ಕುಸ್ತಿಯವರ ಮನೆಗಳಲ್ಲಿ ಈ ವಾದ ಯಾವತ್ತೂ ಮುಗಿಯೋದಿಲ್ಲ. ಎರಡನೆಯವನು ಸೋತು ಮನೆಗೆ ಹೋಗುತ್ತಾನೆ, ಮೂರನೆಯವನು ಗೆದ್ದು ಹೋಗುತ್ತಾನೆ. ಮೂರನೆಯವನು ಸೋತ ಮೇಲೆ ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ಮತ್ತೆ ತೂಕ ನೋಡಿಸಿಕೊಂಡು, ಮನಸ್ಸು ಕಟ್ಟಿಕೊಂಡು ಆಡಬೇಕು. ಚಾಂಪಿಯನ್ ಆಗುವ ಆಸೆ ಹಿಂದಿನ ದಿನವೇ ಮುಗಿದಿರುತ್ತದೆ. 16-17ರ ಹುಡುಗರಿಗೆ ಅದು ಸಣ್ಣ ಮಾತಲ್ಲ. ನನ್ನ ಓಟು ಮೂರನೆಯವನಿಗೆ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಡ್ಯಾನ್ ಗೇಬಲ್ ಯಾರು?

ಅಯೋವಾದಲ್ಲಿ ಇದನ್ನು ಕೇಳಿದರೆ ನಿಮ್ಮನ್ನು ಒಂದು ಥರ ನೋಡುತ್ತಾರೆ. 1948ರಲ್ಲಿ ವಾಟರ್‌ಲೂನಲ್ಲಿ ಹುಟ್ಟಿದವರು. ಅಲ್ಲಿನ ವೆಸ್ಟ್ ಹೈಸ್ಕೂಲ್ ಪರ 64 ಪಂದ್ಯ ಆಡಿ 64ನ್ನೂ ಗೆದ್ದರು. ಮೂರು ಬಾರಿ ಸ್ಟೇಟ್ ಚಾಂಪಿಯನ್. ಆಮೇಲೆ ಏಮ್ಸ್‌ನ ಅಯೋವಾ ಸ್ಟೇಟ್ ಯೂನಿವರ್ಸಿಟಿಗೆ ಹೋದರು. ಅಲ್ಲೂ ಸೋಲೇ ಇಲ್ಲ. ಹೈಸ್ಕೂಲ್, ಕಾಲೇಜು ಸೇರಿ 181 ಪಂದ್ಯ, 181 ಗೆಲುವು. ಉಳಿದದ್ದು ಒಂದೇ ಒಂದು, ಕಾಲೇಜಿನ ಕೊನೆಯ ಪಂದ್ಯ.

1970ರ ಮಾರ್ಚ್, ಇಲಿನಾಯ್‌ನ ಇವಾನ್‌ಸ್ಟನ್. ಎದುರಿಗೆ ವಾಷಿಂಗ್ಟನ್ ಯೂನಿವರ್ಸಿಟಿಯ ಲ್ಯಾರಿ ಓವಿಂಗ್ಸ್. 1968ರ ಒಲಿಂಪಿಕ್ ಆಯ್ಕೆ ಪಂದ್ಯಗಳಲ್ಲಿ, ಇನ್ನೂ ಹೈಸ್ಕೂಲ್ ಹುಡುಗನಾಗಿದ್ದಾಗ, ಇದೇ ಗೇಬಲ್ ಕೈಲಿ ಸೋತಿದ್ದರು. ಈಗ ಗೇಬಲ್ ಜೊತೆ ಆಡಬೇಕೆಂದೇ ತೂಕ ಇಳಿಸಿಕೊಂಡು 142 ಪೌಂಡ್‌ಗೆ ಬಂದಿದ್ದರು. ಪಂದ್ಯಕ್ಕೆ ಮುಂಚೆ ಟೀವಿಯವರು ಗೇಬಲ್ ಕೈಲಿ “182 ಗೆಲುವು, ಸೋಲು ಸೊನ್ನೆ” ಅನ್ನುವಂಥ ಮಾತು ಹೇಳಿಸಿ ರೆಕಾರ್ಡ್ ಮಾಡಲು ನೋಡಿದರಂತೆ, ಅವರು ತಡವರಿಸಿದರಂತೆ. ಕೊನೆಗೆ ಓವಿಂಗ್ಸ್ 13-11ರಿಂದ ಗೆದ್ದರು.

ಎರಡು ವರ್ಷ ಬಿಟ್ಟು ಮ್ಯೂನಿಕ್ ಒಲಿಂಪಿಕ್‌ನ 68 ಕೆಜಿಯಲ್ಲಿ ಗೇಬಲ್ ಚಿನ್ನ ಗೆದ್ದರು. ಇಡೀ ಒಲಿಂಪಿಕ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ. ಆಮೇಲೆ ಅಯೋವಾ ಯೂನಿವರ್ಸಿಟಿಯ ಕೋಚ್ ಆಗಿ 15 ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ವಾಟರ್‌ಲೂನಲ್ಲಿ ಅವರ ಹೆಸರಿನ ಕುಸ್ತಿ ಮ್ಯೂಸಿಯಂ ಇದೆ, ಆ ಕಡೆ ಹೋದರೆ ನೋಡಿ. ತಮಾಷೆ ಏನು ಗೊತ್ತಾ? ಇಷ್ಟೆಲ್ಲ ಇದ್ದರೂ ಇಲ್ಲಿನ ಹಿರಿಯರು ಗೇಬಲ್ ಅಂದ ತಕ್ಷಣ ಮೊದಲು ಹೇಳುವುದು ಆ 13-11ರ ಕಥೆಯನ್ನೇ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾಯಮಾನ ಇವರದಲ್ಲ. ಮಣ್ಣಾಗಿದ್ದನ್ನೇ ಹೇಳಿಕೊಂಡು ಬರುತ್ತಾರೆ, ಅದರಲ್ಲೇ ಹೆಮ್ಮೆ.

ಹೈಸ್ಕೂಲಿನ ನಾಲ್ಕು ವರ್ಷವೂ ಚಾಂಪಿಯನ್ ಆದವರು ಇದ್ದಾರಾ?

ಇದ್ದಾರೆ, ಆದರೆ ಅಪರೂಪ. ಅಯೋವಾದ ಮೊದಲಿಗರು ಬ್ರಿಟ್ ಊರಿನ ಬಾಬ್ ಸ್ಟೀನ್‌ಲೇಜ್. ನಾಲ್ಕನೆಯದನ್ನು ಗೆದ್ದದ್ದು 1962ರಲ್ಲಿ. ಬ್ರಿಟ್ ಅಂದರೆ ಎರಡು ಸಾವಿರ ಜನರ ಊರು. 1993ರಲ್ಲಿ ಅಯೋವಾ ಸಿಟಿ ಹೈಸ್ಕೂಲಿನ ಜೆಫ್ ಮೆಗಿನಿಸ್ ನಾಲ್ಕನೆಯದನ್ನು ಗೆದ್ದಾಗ ನಾಲ್ಕು ವರ್ಷದಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ.

ಯಾಕಷ್ಟು ಕಷ್ಟ ಅಂದರೆ, ಮೊದಲನೆಯದನ್ನು 14-15ರ ವಯಸ್ಸಿಗೇ ಗೆಲ್ಲಬೇಕು. ಎದುರಿಗೆ 18ರ ಹುಡುಗರು, ಕೆಲವರಿಗೆ ಗಡ್ಡ ಬಂದಿರುತ್ತದೆ. ಅದಕ್ಕೇ ನಾಲ್ಕು ಬಾರಿ ಗೆದ್ದವರಲ್ಲಿ ಹೆಚ್ಚಿನವರು ಕಡಿಮೆ ತೂಕದಿಂದ ಶುರು ಮಾಡಿದವರು. ಅಲ್ಲಿ ದೊಡ್ಡ ಹುಡುಗರು ಕಡಿಮೆ.

ಬೇರೆ ರಾಜ್ಯದ್ದು ಒಂದು ಪಂದ್ಯ ಹೇಳಿ ಅಂದರೆ ಯಾವುದು?

2017, ಪೆನ್ಸಿಲ್ವೇನಿಯಾದ ಹರ್ಷಿ. ಅನುಮಾನವೇ ಇಲ್ಲ. 126 ಪೌಂಡ್ ಫೈನಲ್. ಒಂದು ಕಡೆ ಸ್ಪೆನ್ಸರ್ ಲೀ. ಹೈಸ್ಕೂಲಿನಲ್ಲಿ ಅಲ್ಲಿಯವರೆಗೆ ಒಂದೂ ಸೋಲು ಕಾಣದ ಹುಡುಗ, ಮೂರು ಬಾರಿ ಸ್ಟೇಟ್ ಚಾಂಪಿಯನ್, ನಾಲ್ಕನೆಯದಕ್ಕೆ ಒಂದೇ ಹೆಜ್ಜೆ. ಮಂಡಿಯ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಿತ್ತು, ಆದರೂ ಆಡಿದ. ಇನ್ನೊಂದು ಕಡೆ ಆಸ್ಟಿನ್ ಡಿಸಾಂಟೊ, ಒಂದು ನಿಮಿಷವೂ ಸುಮ್ಮನಿರದೆ ಮೇಲೆ ಬೀಳುತ್ತಲೇ ಇರುವವನು. ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಡಿಸಾಂಟೊಗೆ ಟೇಕ್‌ಡೌನ್ ಸಿಕ್ಕಿತು. 6-5.

ಆಮೇಲಿನ ಕಥೆ ಇನ್ನೂ ಚೆನ್ನಾಗಿದೆ. ಲೀ ಅಯೋವಾ ಯೂನಿವರ್ಸಿಟಿಗೆ ಬಂದ. ಕಾಲೇಜ್ ಮಟ್ಟದಲ್ಲಿ 2018, 2019, 2021ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಡಿಸಾಂಟೊ ಒಂದು ವರ್ಷ ಬೇರೆ ಕಾಲೇಜಿನಲ್ಲಿದ್ದು, ಆಮೇಲೆ ಅದೇ ಅಯೋವಾ ತಂಡಕ್ಕೇ ಸೇರಿಕೊಂಡ. ಹರ್ಷಿಯಲ್ಲಿ ಒಬ್ಬರನ್ನೊಬ್ಬರು ಕೆಡವಲು ನೋಡಿದವರು ಒಂದೇ ಬಣ್ಣದ ಸಿಂಗ್ಲೆಟ್ ಹಾಕಿ ಒಂದೇ ತಂಡಕ್ಕೆ ಆಡಿದರು. 2024ರ ಪ್ಯಾರಿಸ್ ಒಲಿಂಪಿಕ್‌ನ 57 ಕೆಜಿಯಲ್ಲಿ ಲೀಗೆ ಬೆಳ್ಳಿ. ಫೈನಲ್‌ನಲ್ಲಿ ಜಪಾನಿನ ರೇ ಹಿಗುಚಿ ಎದುರು ಸೋತ. ನಮ್ಮವರಿಗೆ ಈ ತೂಕ ಚೆನ್ನಾಗಿ ನೆನಪಿರಬೇಕು. ನಮ್ಮ ಅಮನ್ ಸೆಹ್ರಾವತ್ ಕಂಚು ಗೆದ್ದದ್ದು ಇದರಲ್ಲೇ, ಸೆಮಿಫೈನಲ್‌ನಲ್ಲಿ ಸೋತದ್ದೂ ಇದೇ ಹಿಗುಚಿಗೆ.

ಇನ್ನೊಬ್ಬರ ಹೆಸರು ಸೇರಿಸಲೇಬೇಕು, ಅರಿಝೋನಾದ ಆಂಥನಿ ರೋಬಲ್ಸ್. ಹುಟ್ಟಿದ್ದೇ ಒಂದು ಕಾಲಿನಲ್ಲಿ. ಮೇಸಾ ಹೈಸ್ಕೂಲಿನಿಂದ ಎರಡು ಬಾರಿ ಸ್ಟೇಟ್ ಚಾಂಪಿಯನ್, 2011ರಲ್ಲಿ ಕಾಲೇಜ್ ರಾಷ್ಟ್ರೀಯ ಚಾಂಪಿಯನ್. ಅವರ ಪಂದ್ಯ ನೋಡಿದರೆ ಅಯ್ಯೋ ಪಾಪ ಅನ್ನಲು ಪುರಸೊತ್ತೇ ಸಿಗುವುದಿಲ್ಲ. ಅವರ ಕೈಗೆ ಎದುರಾಳಿಯ ಮಣಿಕಟ್ಟು ಸಿಕ್ಕಿತು ಅಂದರೆ ಅಲ್ಲಿಗೆ ಕಥೆ ಮುಗಿಯಿತು.

2011ರಲ್ಲಿ ಒಬ್ಬ ಹುಡುಗ ಆಡೋದಿಲ್ಲ ಅಂತ ಬಿಟ್ಟುಕೊಟ್ಟನಂತೆ?

ಹೌದು. ಆ ವರ್ಷ ಅಯೋವಾದ ಸ್ಟೇಟ್ ಪಂದ್ಯಾವಳಿಗೆ ಮೊದಲ ಬಾರಿ ಇಬ್ಬರು ಹುಡುಗಿಯರು ಅರ್ಹತೆ ಪಡೆದಿದ್ದರು. ಆಗ ಹುಡುಗಿಯರಿಗೆ ಬೇರೆ ಪಂದ್ಯಾವಳಿ ಇರಲಿಲ್ಲ, ಹುಡುಗರ ಜೊತೆಯೇ ಆಡಬೇಕಿತ್ತು. 112 ಪೌಂಡ್‌ನ ಮೊದಲ ಸುತ್ತಿನಲ್ಲಿ ಸೀಡರ್ ಫಾಲ್ಸ್‌ನ ಹುಡುಗಿಯ ಎದುರು ಬಂದ ಹುಡುಗ, ಹುಡುಗಿಯ ಜೊತೆ ಹೀಗೆ ಕುಸ್ತಿ ಆಡುವುದನ್ನು ನನ್ನ ನಂಬಿಕೆ ಒಪ್ಪುವುದಿಲ್ಲ ಅಂತ ಹೇಳಿ ಪಂದ್ಯ ಬಿಟ್ಟುಕೊಟ್ಟ. ಪ್ರಶಸ್ತಿಗೆ ಆಡಬಲ್ಲವರಲ್ಲಿ ಅವನೂ ಒಬ್ಬ. ರೆಫರಿ ಹುಡುಗಿಯ ಕೈ ಎತ್ತಿದ. ಅಯೋವಾ ಸ್ಟೇಟ್ ಪಂದ್ಯಾವಳಿಯಲ್ಲಿ ಹುಡುಗಿಯೊಬ್ಬಳಿಗೆ ಸಿಕ್ಕ ಮೊದಲ ಗೆಲುವು ಅದು.

ದೇಶವೆಲ್ಲ ಚರ್ಚೆ ಆಯಿತು. ಅವನು ಸರಿ ಅಂದವರೂ ಇದ್ದರು, ಅವಳಿಗೆ ಅನ್ಯಾಯ ಆಯಿತು ಅಂದವರೂ ಇದ್ದರು. ನನಗೆ ಅನ್ನಿಸುವುದು ಇಷ್ಟು: ಅವಳು ಗೆಲುವು ಬೇಕು ಅಂತ ಬಂದವಳಲ್ಲ, ಆಡಬೇಕು ಅಂತ ಬಂದವಳು. ಆ ಅವಕಾಶವೇ ಅವಳಿಗೆ ಅವತ್ತು ಸಿಗಲಿಲ್ಲ. ಸಾವಿರಾರು ಪಂದ್ಯ ನೆನಪಿಟ್ಟುಕೊಳ್ಳುವ ಈ ರಾಜ್ಯದಲ್ಲಿ ನಡೆಯದೇ ಇದ್ದ ಒಂದು ಪಂದ್ಯವನ್ನೂ ಜನ ಮರೆತಿಲ್ಲ.

ಹಾಗಾದರೆ ಈಗ ಹುಡುಗಿಯರಿಗೆ ಬೇರೆ ಸ್ಟೇಟ್ ಇದೆಯಾ?

ಇದೆ. ಹುಡುಗಿಯರ ರಾಜ್ಯ ಚಾಂಪಿಯನ್‌ಶಿಪ್ ಮೊದಲು ಶುರು ಮಾಡಿದ್ದು ಹವಾಯಿ, 1998ರಲ್ಲಿ. ಮರುವರ್ಷ ಟೆಕ್ಸಸ್. ಕುಸ್ತಿ ರಾಜ್ಯ ಅಂತ ಬೀಗುವ ಅಯೋವಾ ತುಂಬಾ ತಡ ಮಾಡಿತು. 2019ರಿಂದ ಕೋಚ್‌ಗಳ ಸಂಘವೇ ನಡೆಸಿಕೊಂಡು ಬಂತು. ಅಧಿಕೃತ ಪಂದ್ಯಾವಳಿ ಆದದ್ದು 2023ರ ಫೆಬ್ರವರಿಯಲ್ಲಿ, ಕೋರಲ್‌ವಿಲ್‌ನ ಎಕ್ಸ್‌ಟ್ರೀಮ್ ಅರೀನಾದಲ್ಲಿ. ಈಗ ಅಮೆರಿಕದಾದ್ಯಂತ 60 ಸಾವಿರಕ್ಕಿಂತ ಜಾಸ್ತಿ ಹೈಸ್ಕೂಲ್ ಹುಡುಗಿಯರು ಕುಸ್ತಿ ಆಡುತ್ತಾರೆ. 2025ರ ಜನವರಿಯಲ್ಲಿ ಕಾಲೇಜ್ ಮಟ್ಟದಲ್ಲೂ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಒಪ್ಪಿಗೆ ಸಿಕ್ಕಿತು. ಮಗಳು ಕೇಳಿದರೆ “ಅದು ಹುಡುಗರದ್ದಮ್ಮ” ಅಂತ ಹೇಳಲು ಈಗ ಕಾರಣ ಉಳಿದಿಲ್ಲ.

ತೂಕ ಇಳಿಸಲು ಉಪವಾಸ ಕೆಡವುತ್ತಾರಂತೆ, ಹೌದಾ?

ಇದು ಅಪ್ಪ ಅಮ್ಮಂದಿರ ಮೊದಲ ಭಯ, ನ್ಯಾಯವಾದ ಭಯವೇ. ಹಿಂದೆ ಬಹಳ ಕೆಟ್ಟದಾಗಿತ್ತು. ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಬಿಸಿ ಕೋಣೆಯಲ್ಲಿ ಓಡುವುದು, ನೀರು ಬಿಡುವುದು, ಲೋಟದಲ್ಲಿ ಉಗುಳುವುದು. 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜ್ ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಅಲ್ಲಿಂದ ನಿಯಮಗಳು ಬದಲಾದವು.

ಈಗ ಸೀಸನ್ ಶುರುವಿನಲ್ಲೇ ಹುಡುಗನ ಮೂತ್ರ ಪರೀಕ್ಷೆ ಮಾಡುತ್ತಾರೆ. ನೀರು ಕುಡಿಯದೆ ಬಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಆಮೇಲೆ ಮೈಯಲ್ಲಿರುವ ಕೊಬ್ಬು ಅಳೆದು, ಈ ವರ್ಷ ಇದಕ್ಕಿಂತ ಕೆಳಗಿನ ತೂಕದಲ್ಲಿ ಆಡುವಂತಿಲ್ಲ ಅಂತ ಗೆರೆ ಎಳೆಯುತ್ತಾರೆ. ಹುಡುಗರಿಗೆ ಕೊಬ್ಬು 7 ಶೇಕಡಾಕ್ಕಿಂತ, ಹುಡುಗಿಯರಿಗೆ 12 ಶೇಕಡಾಕ್ಕಿಂತ ಇಳಿಯಬಾರದು. ವಾರಕ್ಕೆ ಮೈತೂಕದ 1.5 ಶೇಕಡಾಕ್ಕಿಂತ ಹೆಚ್ಚು ಇಳಿಸುವಂತಿಲ್ಲ.

ನಿಯಮ ಇದೆ ಅಂತ ಕಣ್ಣು ಮುಚ್ಚಿ ಕೂರಬೇಡಿ. ಮಗ ರಾತ್ರಿ ಊಟಕ್ಕೆ “ಹಸಿವಿಲ್ಲ” ಅಂತ ಎರಡು ಮೂರು ದಿನ ಹೇಳಿದರೆ, ನೇರವಾಗಿ ಕೋಚ್ ಹತ್ತಿರ ಮಾತಾಡಿ. ಒಂದು ತೂಕ ಮೇಲೆ ಆಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಕಿವಿ, ಚರ್ಮ, ಗಾಯ?

ಹೆಡ್‌ಗೇರ್ ಕಡ್ಡಾಯ. ಪ್ರಾಕ್ಟೀಸ್‌ನಲ್ಲಿ ಅದನ್ನು ಬಿಚ್ಚಿಟ್ಟವರ ಕಿವಿ ಊದಿ ಗಂಟು ಕಟ್ಟುತ್ತದೆ. ಕೆಲವು ಹುಡುಗರಿಗೆ ಅದೇ ಶೋಕಿ, ನಾವೇನು ಮಾಡೋಣ.

ಚರ್ಮದ ವಿಷಯ ಮಾತ್ರ ಗಂಭೀರ. ಮ್ಯಾಟ್‌ನಿಂದ ಹುಳುಕಡ್ಡಿ ಹರಡುತ್ತದೆ, ಕೆಲವೊಮ್ಮೆ ಹರ್ಪಿಸ್ ಕೂಡ. ಪಂದ್ಯಕ್ಕೆ ಮುಂಚೆ ಚರ್ಮ ನೋಡುತ್ತಾರೆ. ಕಲೆ ಇದ್ದರೆ ಡಾಕ್ಟರ ಸಹಿ ಇರುವ ಫಾರ್ಮ್ ಬೇಕು, ಇಲ್ಲದಿದ್ದರೆ ಆಡಲು ಬಿಡುವುದಿಲ್ಲ. ಪ್ರಾಕ್ಟೀಸ್ ಮುಗಿದ ತಕ್ಷಣ ಸೋಪು ಹಾಕಿ ಸ್ನಾನ, ಆ ಬಟ್ಟೆ ಅವತ್ತೇ ಒಗೆಯಬೇಕು. ಮಾರನೇ ದಿನಕ್ಕೆ ಇಡುವಂತಿಲ್ಲ.

ಮಗ ಸೇರುತ್ತೀನಿ ಅಂತಾನೆ. ನಾವು ಸಸ್ಯಾಹಾರಿಗಳು. ಆಗುತ್ತಾ?

ಊಟ ತೊಂದರೆಯಲ್ಲ. ಹಾಲು, ಮೊಸರು, ಬೇಳೆ, ಕಾಳು, ಪನೀರ್, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ದಿನಾ ಇಷ್ಟು ಸರಿಯಾಗಿ ತಿಂದರೆ ಸಾಕು. ನಮ್ಮ ಅಡುಗೆಯಲ್ಲಿ ಅನ್ನ ಜಾಸ್ತಿ, ಕಾಳು ಕಡಿಮೆ ಆಗುತ್ತದೆ. ಅದನ್ನು ಸ್ವಲ್ಪ ತಿರುಗಿಸಿ.

ನಿಜವಾದ ತೊಂದರೆ ಕ್ಯಾಲೆಂಡರ್‌ದು. ಸೀಸನ್ ನವೆಂಬರ್‌ನಲ್ಲಿ ಶುರುವಾಗಿ ಫೆಬ್ರವರಿಯವರೆಗೆ ಇರುತ್ತದೆ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಮೂರು ವಾರದ ಟಿಕೆಟ್ ಬುಕ್ ಮಾಡುವ ನಮ್ಮ ಪದ್ಧತಿ ಇದೆಯಲ್ಲ, ಅದಕ್ಕೂ ಕುಸ್ತಿಗೂ ಎಣ್ಣೆ ಸೀಗೆಕಾಯಿ. ರಜೆಯಲ್ಲೂ ಪ್ರಾಕ್ಟೀಸ್ ಇರುತ್ತದೆ. ಮಗನನ್ನು ಸೇರಿಸುವ ಮುಂಚೆಯೇ ಮನೆಯಲ್ಲಿ ಕೂತು ಇದನ್ನು ಮಾತಾಡಿಕೊಳ್ಳಿ. ಊರಿಗೆ ಬೇಸಿಗೆಯಲ್ಲಿ ಹೋದರಾಯಿತು, ಮಾವಿನ ಹಣ್ಣಾದರೂ ಸಿಗುತ್ತದೆ.

ಸಿಂಗ್ಲೆಟ್ ಸಾಮಾನ್ಯವಾಗಿ ಶಾಲೆಯವರೇ ಕೊಡುತ್ತಾರೆ. ಶೂ ನೀವು ಕೊಳ್ಳಬೇಕು. ಮೊದಲ ವರ್ಷ ದುಬಾರಿ ಶೂ ಬೇಡ, ಆರು ತಿಂಗಳಲ್ಲಿ ಕಾಲು ಬೆಳೆದಿರುತ್ತದೆ.

ಸ್ಟೇಟ್ ಗೆದ್ದರೆ ಕಾಲೇಜ್ ಫೀಸ್ ಉಳಿಯುತ್ತಾ?

ಆ ಲೆಕ್ಕ ಹಾಕಿಕೊಂಡು ಸೇರಿಸಬೇಡಿ. ಮೊನ್ನೆ ಮೊನ್ನೆಯವರೆಗೆ, 2025ರವರೆಗೆ, ಡಿವಿಷನ್ ಒನ್, ಅಂದರೆ ಅತಿ ಮೇಲಿನ ದರ್ಜೆಯ, ಕಾಲೇಜಿನ ಇಡೀ ಕುಸ್ತಿ ತಂಡಕ್ಕೆ 9.9 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಮಾತ್ರ ಇತ್ತು. ಅದನ್ನೇ ಎಲ್ಲರಿಗೂ ಚೂರು ಚೂರು ಹಂಚುತ್ತಿದ್ದರು. ಈಗ ನಿಯಮ ಬದಲಾಗಿದೆ, ಪೈಪೋಟಿ ಬದಲಾಗಿಲ್ಲ.

ಬೇರೆ ರಾಜ್ಯದಲ್ಲಿದ್ದೇವೆ. ಅಲ್ಲಿ ಎಲ್ಲಿ ನೋಡಬಹುದು?

ನ್ಯೂಜೆರ್ಸಿಯವರಿಗೆ ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್. ಅಲ್ಲಿ ಶಾಲೆಗಳ ವರ್ಗವೇ ಇಲ್ಲ. ಸಣ್ಣದು ದೊಡ್ಡದು ಎಲ್ಲ ಸೇರಿ ತೂಕಕ್ಕೆ ಒಬ್ಬನೇ ಚಾಂಪಿಯನ್. ಕ್ಯಾಲಿಫೋರ್ನಿಯಾದಲ್ಲೂ ಹಾಗೇ, ನಡೆಯುವುದು ಬೇಕರ್ಸ್‌ಫೀಲ್ಡ್‌ನಲ್ಲಿ. ಅಷ್ಟು ದೊಡ್ಡ ರಾಜ್ಯಕ್ಕೆ ಒಬ್ಬನೇ ಅಂದರೆ ನೀವೇ ಲೆಕ್ಕ ಹಾಕಿ. ಪೆನ್ಸಿಲ್ವೇನಿಯಾದಲ್ಲಿ ಹರ್ಷಿಯ ಜೈಂಟ್ ಸೆಂಟರ್. ಊರೆಲ್ಲ ಚಾಕಲೇಟ್ ವಾಸನೆ, ಒಳಗೆ ತೂಕ ಕಾಯ್ದುಕೊಳ್ಳುವ ಹುಡುಗರು. ಇಲಿನಾಯ್‌ಗೆ ಷಾಂಪೇನ್, ಅಲ್ಲಿನ ಗ್ರ್ಯಾಂಡ್ ಮಾರ್ಚ್ ಅಯೋವಾದ್ದಕ್ಕಿಂತ ಚೆಂದ ಅಂತ ಅಲ್ಲಿಯವರು ವಾದಿಸುತ್ತಾರೆ.

ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಖಂಡಿತ. ದಾವಣಗೆರೆ, ಬೆಳಗಾವಿ, ಧಾರವಾಡ, ಮೈಸೂರು ಕಡೆಯವರಾದರೆ ನಿಮಗಿಂತ ಬೇಗ ಅವರಿಗೆ ಆಟ ಹಿಡಿಯುತ್ತದೆ. ಕಾಲಿಗೆ ಹಾಕುವ ಪಟ್ಟು ಯಾವ ದೇಶದಲ್ಲೂ ಕಾಲಿಗೆ ಹಾಕುವ ಪಟ್ಟೇ.

ಮೊದಲ ದಿನಗಳಲ್ಲಿ ಹಲವು ಮ್ಯಾಟ್‌ಗಳಲ್ಲಿ ಒಟ್ಟಿಗೇ ಪಂದ್ಯ ನಡೆಯುತ್ತವೆ. ಹೊಸಬರಿಗೆ ತಲೆ ತಿರುಗುತ್ತದೆ. ಒಂದೇ ಮ್ಯಾಟ್ ಆರಿಸಿಕೊಂಡು ಅದನ್ನೇ ನೋಡಿ ಅಂತ ಹೇಳಿ. ಸೀಟು ತೀರಾ ಕೆಳಗೆ ಬೇಡ, ಮಧ್ಯದ ಸಾಲುಗಳಿಂದ ಚೆನ್ನಾಗಿ ಕಾಣುತ್ತದೆ. ಗದ್ದಲ ವಿಪರೀತ, ಕಿವಿಯಲ್ಲಿ ಮಷಿನ್ ಇರುವವರು ಸೌಂಡ್ ಕಡಿಮೆ ಮಾಡಿಕೊಳ್ಳಲಿ. ಫೆಬ್ರವರಿಯ ಚಳಿಯ ಚಿಂತೆಯೂ ಬೇಡ. ಡಿಮಾಯ್ನ್ ಪೇಟೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸ್ಕೈವಾಕ್ ಇದೆ, ಅರೀನಾದವರೆಗೂ ಬರುತ್ತದೆ. ಅದಕ್ಕೆ ಸೇರಿದ ಹೋಟೆಲ್‌ನಲ್ಲಿ ರೂಮ್ ಮಾಡಿದರೆ ಹೊರಗೆ ಕಾಲಿಡದೆ ಹೋಗಿ ಬರಬಹುದು. ಆದರೆ ಆ ರೂಮ್‌ಗಳು ಬಹಳ ಬೇಗ ತುಂಬುತ್ತವೆ. ಜನವರಿಯಲ್ಲಿ ಹುಡುಕಿದರೆ ಊರಾಚೆಯದ್ದೇ ಗತಿ, ಅದೂ ಪಾರ್ಕಿಂಗ್‌ಗೆ ಬೇರೆ ದುಡ್ಡು.